ಕೊನೆಗೆಂದು ಇಟ್ಟ ಹಣ, ನಡುವೆ ಬಂದ ಖರ್ಚು

ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ, ಜೇಮ್ಸ್ ನದಿಯ ದಂಡೆಯ ಮೇಲೆ, ಸರ್ರಿ ಎಂಬ ಪರಮಾಣು ವಿದ್ಯುತ್ ಸ್ಥಾವರವಿದೆ. ಅದರ ಎರಡನೇ ಘಟಕ ವಿದ್ಯುತ್ ಕೊಡಲು ಆರಂಭಿಸಿದ್ದು 1973ರಲ್ಲಿ. ಆರು ವರ್ಷ ಕಳೆಯುವಷ್ಟರಲ್ಲಿ ಅದರ ಮೂರೂ ಸ್ಟೀಮ್ ಜನರೇಟರ್‌ಗಳನ್ನು ಬದಲಾಯಿಸದೆ ವಿಧಿಯಿಲ್ಲ ಎಂಬಂತಾಯಿತು. 1979ರಲ್ಲಿ ಅವುಗಳ ಕೆಳಭಾಗವನ್ನು ಕತ್ತರಿಸಿ ಹೊರತೆಗೆದು ಹೊಸದನ್ನು ಕೂರಿಸುವ ಕೆಲಸ ಶುರುವಾಯಿತು. ಅಮೆರಿಕದಲ್ಲಿ ಇಂಥ ಕೆಲಸ ಅದೇ ಮೊದಲು. ಘಟಕ ಮತ್ತೆ ಓಡತೊಡಗಿತು. 2021ರಲ್ಲಿ ಸಿಕ್ಕ ಪರವಾನಗಿಯ ಪ್ರಕಾರ ಅದು 2053ರವರೆಗೂ ಓಡಬಹುದು.

ಹೊರಬಂದ ಹಳೆಯ ಯಂತ್ರವನ್ನು ಗುಜರಿಗೆ ಹಾಕುವಂತಿಲ್ಲ, ಅದರೊಳಗೆ ವಿಕಿರಣವಿದೆ. ನೆಲದಲ್ಲಿ ಹೂಳುವುದಕ್ಕೆಂದೇ ಅನುಮತಿ ಪಡೆದ ಜಾಗಕ್ಕೆ ಸಾಗಿಸಬೇಕು. ಅದಕ್ಕೆ ಕೋಟಿಗಟ್ಟಲೆ ಹಣ ಬೇಕು. ಇತ್ತ, ಅಮೆರಿಕದ ಪ್ರತಿ ಸ್ಥಾವರದ ಹೆಸರಿನಲ್ಲೂ ಒಂದು ದೊಡ್ಡ ನಿಧಿ ಬೆಳೆಯುತ್ತಿರುತ್ತದೆ. ಸ್ಥಾವರ ಶಾಶ್ವತವಾಗಿ ನಿಂತ ಮೇಲೆ ಎಲ್ಲವನ್ನೂ ಕಳಚಿ, ವಿಕಿರಣ ಸೋಕಿದ್ದನ್ನೆಲ್ಲ ಸಾಗಹಾಕಿ, ಜಾಗವನ್ನು ಶುಚಿಗೊಳಿಸಿ ಕೈತೊಳೆದುಕೊಳ್ಳಲು ಇಟ್ಟ ಹಣ ಅದು. ಈ ಒಟ್ಟು ಕೆಲಸವನ್ನು ಡಿಕಮಿಷನಿಂಗ್ ಎನ್ನುತ್ತಾರೆ. ಸ್ಥಾವರ ಇನ್ನೂ ಓಡುತ್ತಿರುವಾಗಲೇ, ನಡುವೆ ಕಳಚಿದ ಯಂತ್ರದ ವಿಲೇವಾರಿಗೆ ಆ ನಿಧಿಯಿಂದ ಹಣ ತೆಗೆಯಬಹುದೆ? ಇದು ಕೇಳಲು ತೋರುವಷ್ಟು ಸಣ್ಣ ಪ್ರಶ್ನೆಯಲ್ಲ. ಈ ಲೇಖನ ಅದಕ್ಕೆ ಹೊಸಬರಾದವರಿಗೆ. ಭೌತಶಾಸ್ತ್ರವಾಗಲಿ ಲೆಕ್ಕಪತ್ರವಾಗಲಿ ಮೊದಲೇ ತಿಳಿದಿರಬೇಕಿಲ್ಲ. ಒಂದೊಂದೇ ಮೆಟ್ಟಿಲು ಹತ್ತೋಣ.

ಮೊದಲು ಯಂತ್ರದ ವಿಷಯ. ಅಮೆರಿಕದ ಬಹುಪಾಲು ರಿಯಾಕ್ಟರ್‌ಗಳಲ್ಲಿ ಎರಡು ಪ್ರತ್ಯೇಕ ನೀರಿನ ಸುತ್ತುಗಳಿರುತ್ತವೆ. ಇಂಧನವನ್ನು ಸವರಿಕೊಂಡು ಹೋಗುವ ನೀರು ಒಂದು. ಅದು 300 ಡಿಗ್ರಿ ಸೆಲ್ಸಿಯಸ್ ದಾಟಿ ಕಾದಿದ್ದರೂ ಭಾರಿ ಒತ್ತಡದಿಂದಾಗಿ ಕುದಿಯುವುದಿಲ್ಲ. ಈ ಬಿಸಿ ನೀರು ಸ್ಟೀಮ್ ಜನರೇಟರ್‌ನೊಳಗಿನ ಸಾವಿರಾರು ಸಣ್ಣ ಕೊಳವೆಗಳ ಮೂಲಕ ಹರಿಯುತ್ತದೆ. ಕೊಳವೆಗಳ ಹೊರಗಡೆ ಇರುವ ಎರಡನೇ ಸುತ್ತಿನ ನೀರು ಆ ಶಾಖಕ್ಕೆ ಉಗಿಯಾಗಿ ಟರ್ಬೈನ್ ತಿರುಗಿಸುತ್ತದೆ. ಒಂದು ಜನರೇಟರ್ ಎಂದರೆ ಇಪ್ಪತ್ತು ಮೀಟರ್ ಆಸುಪಾಸಿನ ಎತ್ತರ, ನೂರಾರು ಟನ್ ತೂಕ.

ಕೊಳವೆಗಳ ಒಳಮೈಗೆ ಅಂಟಿಕೊಂಡ ತುಕ್ಕಿನ ಪದರದಲ್ಲಿ ವಿಕಿರಣವಿದೆ. ರಿಯಾಕ್ಟರ್ ಸುತ್ತಿನ ಲೋಹದಿಂದ ಸವೆದ ಕಣಗಳು ನೀರಿನ ಜೊತೆ ಇಂಧನದ ಬಳಿ ಹೋಗಿ, ನ್ಯೂಟ್ರಾನ್‌ಗಳ ಹೊಡೆತಕ್ಕೆ ಸಿಕ್ಕಿ, ಕೋಬಾಲ್ಟ್-60ರಂಥ ವಿಕಿರಣಶೀಲ ಧಾತುಗಳಾಗಿ ಮರಳಿ ಬಂದು ಕೊಳವೆಗಳೊಳಗೆ ಕೂರುತ್ತವೆ. ಹೊರಗಿನ ದಪ್ಪ ಉಕ್ಕಿಗೆ ಇದರ ಸೋಂಕು ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಸ್ಟೀಮ್ ಜನರೇಟರ್ ಗಾತ್ರದಲ್ಲಿ ದೈತ್ಯನಾದರೂ ವಿಕಿರಣದ ತೀವ್ರತೆಯಲ್ಲಿ ರಿಯಾಕ್ಟರಿನ ಹೃದಯಭಾಗದ ಲೋಹಕ್ಕೆ ಸಮನಲ್ಲ. ಸಾಮಾನ್ಯವಾಗಿ ಅದು ಕೆಳದರ್ಜೆಯ ತ್ಯಾಜ್ಯವೆಂದೇ ಎಣಿಕೆಯಾಗುತ್ತದೆ. ಬಳಸಿದ ಇಂಧನದ ಕತೆ ಪೂರ್ತಿ ಬೇರೆ: ಅದಕ್ಕೆ 1982ರ ಕಾಯ್ದೆಯಡಿ ಪ್ರತ್ಯೇಕ ಶುಲ್ಕವೇ ಇತ್ತು, 2014ರಲ್ಲಿ ಅದರ ವಸೂಲಿ ನಿಂತಿತು. ಇಂಧನವನ್ನೂ ಕಳಚಿದ ಯಂತ್ರವನ್ನೂ ಒಂದೇ ಬುಟ್ಟಿಗೆ ಹಾಕಿ ಮಾತಾಡುವವರು ಬಹಳ ಜನ. ನೀವು ಹಾಗೆ ಮಾಡಬೇಡಿ.

ಯಂತ್ರಗಳು ಅಷ್ಟು ಬೇಗ ಏಕೆ ಕೆಟ್ಟವು? ಆಗಿನ ಕೊಳವೆಗಳನ್ನು ಅಲಾಯ್ 600 ಎಂಬ ನಿಕಲ್ ಮಿಶ್ರಲೋಹದಿಂದ ಮಾಡಿದ್ದರು. ಅದು ಬಿಸಿ ನೀರಿನಲ್ಲಿ ಬಿರುಕು ಬಿಡುತ್ತದೆ. ಬಿರುಕು ಬಿಟ್ಟ ಕೊಳವೆಗೆ ಬಿರಡೆ ಬಡಿಯುತ್ತ ಹೋದರು. ಬಿರಡೆಗಳ ಸಂಖ್ಯೆ ಮಿತಿಮೀರಿದಾಗ ಇಡೀ ಯಂತ್ರವನ್ನೇ ಬದಲಿಸಿದರು. ಹೀಗೆ ಒಂದಾದ ಮೇಲೊಂದು ಸ್ಥಾವರದಲ್ಲಿ, ಆಯುಸ್ಸಿನ ನಡುವೆಯೇ, ದೈತ್ಯ ತ್ಯಾಜ್ಯ ಹುಟ್ಟಿತು. 2002ರಲ್ಲಿ ಒಹಾಯೊದ ಡೇವಿಸ್-ಬೆಸ್ ಸ್ಥಾವರದ ರಿಯಾಕ್ಟರ್ ಮುಚ್ಚಳದಲ್ಲಿ ತುಕ್ಕು ಕೊರೆದ ದೊಡ್ಡ ಗುಳಿ ಪತ್ತೆಯಾದ ಮೇಲೆ ಬೇರೆ ಕಡೆಗಳಲ್ಲೂ ಮುಚ್ಚಳಗಳನ್ನು ಬದಲಿಸತೊಡಗಿದರು. ಹಲವು ಸ್ಥಾವರಗಳು ಹಳೆಯ ಜನರೇಟರ್‌ಗಳನ್ನು ತಮ್ಮ ಆವರಣದಲ್ಲೇ ದಪ್ಪ ಕಾಂಕ್ರೀಟ್ ಕಟ್ಟಡ ಕಟ್ಟಿ ಒಳಗಿಟ್ಟವು. ಆ ಕಟ್ಟಡಕ್ಕೆ ಅಲ್ಲಿನ ಕೆಲಸಗಾರರು ಇಟ್ಟ ಹೆಸರು ಮೌಸೋಲಿಯಂ, ಎಂದರೆ ಸಮಾಧಿಮಂದಿರ. ಕೆಲವು ಸ್ಥಾವರಗಳು ಹೊರಗೆ ಸಾಗಿಸಿದವು.

ಇನ್ನು ನಿಧಿಗೆ ಬರೋಣ. ಅಮೆರಿಕದ ಪರಮಾಣು ನಿಯಂತ್ರಣ ಆಯೋಗ 1988ರಲ್ಲಿ ಡಿಕಮಿಷನಿಂಗ್ ನಿಯಮಗಳನ್ನು ತಂದಿತು. ಕಂಪನಿ ದಿವಾಳಿಯಾದರೂ ಸ್ಥಾವರವನ್ನು ಕಳಚುವ ದುಡ್ಡು ಉಳಿದಿರಬೇಕು ಎಂಬುದು ಅದರ ತಿರುಳು. ಹಾಗಾಗಿ ಹೆಚ್ಚಿನ ಕಂಪನಿಗಳು ತಮ್ಮ ಕೈಗೆ ಸಿಗದಂತೆ ಹೊರಗಿನ ಟ್ರಸ್ಟ್ ಒಂದರಲ್ಲಿ ಹಣವಿಡುತ್ತವೆ. ಎಷ್ಟಿಡಬೇಕು? ಅದಕ್ಕೊಂದು ಸೂತ್ರವಿದೆ. 3400 ಮೆಗಾವಾಟ್ ಮತ್ತು ಅದಕ್ಕೂ ಮೀರಿದ ಉಷ್ಣಶಕ್ತಿಯ, ಮೇಲೆ ಹೇಳಿದ ಎರಡು ಸುತ್ತಿನ ಒತ್ತಡದ ನೀರಿನ ರಿಯಾಕ್ಟರ್‌ಗೆ 1986ರ ಬೆಲೆಯಲ್ಲಿ ಕನಿಷ್ಠ 10.5 ಕೋಟಿ ಡಾಲರ್. ಅದೇ ಗಾತ್ರದ, ಒಳಗೇ ನೀರು ಕುದಿಯುವ ಬಗೆಯ ರಿಯಾಕ್ಟರ್‌ಗೆ 13.5 ಕೋಟಿ. ಈ ಮೊತ್ತವನ್ನು ಕಾಲಕಾಲಕ್ಕೆ ಏರಿಸುತ್ತ ಹೋಗಬೇಕು: ಅದರಲ್ಲಿ ನೂರಕ್ಕೆ 65 ಪಾಲು ಕೂಲಿ-ಸಂಬಳದ ಏರಿಕೆಯನ್ನು, 13 ಪಾಲು ವಿದ್ಯುತ್-ತೈಲದ ಬೆಲೆಯನ್ನು, 22 ಪಾಲು ತ್ಯಾಜ್ಯ ಹೂಳುವ ದರವನ್ನು ಅನುಸರಿಸುತ್ತದೆ. ಇವತ್ತಿನ ಲೆಕ್ಕಕ್ಕೆ ಅದು ಹಲವು ಪಟ್ಟಾಗಿದೆ. ನಿಧಿಯ ಸ್ಥಿತಿ ಹೇಗಿದೆಯೆಂದು ಎರಡು ವರ್ಷಕ್ಕೊಮ್ಮೆ ಆಯೋಗಕ್ಕೆ ವರದಿ ಕೊಡಬೇಕು.

ಇಲ್ಲೊಂದು ವಿಷಯ ಗಮನಿಸಿ, ಮುಂದೆ ಬೇಕಾಗುತ್ತದೆ. ಸೂತ್ರಕ್ಕೆ ರಿಯಾಕ್ಟರಿನ ಬಗೆ, ಶಕ್ತಿ, ಬೆಲೆಯೇರಿಕೆ ಇಷ್ಟೇ ಗೊತ್ತು. ಆವರಣದ ಮೂಲೆಯ ಕಾಂಕ್ರೀಟ್ ಕಟ್ಟಡದಲ್ಲಿ ಹಳೆಯ ಜನರೇಟರ್‌ಗಳು ಕೂತಿವೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ.

ಈ ಹಣ ಯಾರದ್ದು? ಬಹಳಷ್ಟು ಕಡೆ ಅದು ಗ್ರಾಹಕರ ವಿದ್ಯುತ್ ಬಿಲ್ಲಿನಿಂದ ವರ್ಷಾನುವರ್ಷ ಕೂಡಿಬಂದದ್ದು. ಮುಂದೆ ಕೆಲವು ಸ್ಥಾವರಗಳು ಬೇರೆ ಕಂಪನಿಯ ಪಾಲಾದಾಗ ನಿಧಿಯೂ ಅವುಗಳ ಜೊತೆ ಹೋಯಿತು. ಹಣ ಷೇರು, ಬಾಂಡುಗಳಲ್ಲಿ ದುಡಿಯುತ್ತಿರುತ್ತದೆ. 2008ರ ಷೇರುಪೇಟೆಯ ಕುಸಿತದ ಬಳಿಕ ಹಲವು ನಿಧಿಗಳು ಸೊರಗಿ, ಆಯೋಗ ಅವುಗಳ ಒಡೆಯರಿಂದ ವಿವರಣೆ ಕೇಳಬೇಕಾಯಿತು.

ಈಗ ಬೀಗದ ಕೈ. ನಮ್ಮಲ್ಲಿ ಪಿ.ಎಫ್. ಹಣವನ್ನು ನಿವೃತ್ತಿಗೆ ಮೊದಲು ಮುಟ್ಟಬೇಕಾದರೆ ಇಂಥದ್ದೇ ಕಾರಣ, ಇಷ್ಟೇ ಪಾಲು ಎಂದಿರುತ್ತದಲ್ಲ, ಇಲ್ಲೂ ಹಾಗೇ ಇದೆ. ಸೂತ್ರದ ಮೊತ್ತದ ಶೇ 3ರಷ್ಟನ್ನು ಸ್ಥಾವರ ಓಡುತ್ತಿರುವಾಗಲೂ ತೆಗೆಯಬಹುದು, ಆದರೆ ಯೋಜನೆ ತಯಾರಿಸುವುದಕ್ಕೆ ಮಾತ್ರ. ಅಂದರೆ ಕಾಗದದ ಕೆಲಸಕ್ಕೆ. ಸ್ಥಾವರ ಶಾಶ್ವತವಾಗಿ ನಿಂತಿದೆ, ಇಂಧನವನ್ನು ಹೊರತೆಗೆದಾಗಿದೆ ಎಂದು ಬರೆದುಕೊಟ್ಟು, ಮುಂದಿನ ಕೆಲಸಗಳ ವರದಿ ಸಲ್ಲಿಸಿ 90 ದಿನ ಕಳೆದ ಮೇಲೆ ಇನ್ನೂ ಶೇ 20. ಉಳಿದದ್ದು ಆ ಸ್ಥಾವರಕ್ಕೆಂದೇ ಮಾಡಿದ ವಿವರವಾದ ಅಂದಾಜು ಪಟ್ಟಿಯನ್ನು ಕೊಟ್ಟ ನಂತರ. ಎಲ್ಲ ಕೆಲಸವನ್ನೂ 60 ವರ್ಷದೊಳಗೆ ಮುಗಿಸಬೇಕು.

ಇದರ ಮೇಲೆ ಮೂರು ಷರತ್ತುಗಳು. ಖರ್ಚು ನಿಜವಾದ ಡಿಕಮಿಷನಿಂಗ್ ಕೆಲಸದ್ದಾಗಿರಬೇಕು. ಅನಿರೀಕ್ಷಿತವಾಗಿ ಏನಾದರೂ ಬಂದೆರಗಿದರೆ ರಿಯಾಕ್ಟರನ್ನು ಸುರಕ್ಷಿತವಾಗಿ ಮುಚ್ಚಿಡುವಷ್ಟು ಹಣ ನಿಧಿಯಲ್ಲಿ ಉಳಿದಿರಬೇಕು. ಕೊರತೆಯಿದ್ದರೆ ಅದನ್ನು ತುಂಬುವ ದಾರಿಗೆ ಅಡ್ಡಿಯಾಗಬಾರದು. ಚರ್ಚೆಯೆಲ್ಲ ಸಿಕ್ಕಿಬೀಳುವುದು ಮೊದಲ ಷರತ್ತಿನಲ್ಲಿ. ನಿಯಮದ ಪ್ರಕಾರ ಡಿಕಮಿಷನಿಂಗ್ ಎಂದರೆ ಸ್ಥಾವರವನ್ನು ಸೇವೆಯಿಂದ ಹಿಂತೆಗೆದು, ವಿಕಿರಣವನ್ನು ತಗ್ಗಿಸಿ, ಪರವಾನಗಿಯನ್ನು ಕೊನೆಗೊಳಿಸುವುದು. ಓಡುತ್ತಿರುವ ಸ್ಥಾವರದಿಂದ ಹಳೆ ಜನರೇಟರ್ ತೆಗೆದು ಹೊಸದು ಹಾಕುವುದು ಇದಕ್ಕೆ ತೀರಾ ತದ್ವಿರುದ್ಧ: ಅದು ಸ್ಥಾವರ ಇನ್ನಷ್ಟು ಕಾಲ ಓಡಲೆಂದು ಮಾಡುವ ಕೆಲಸ. ಹಾಗಾಗಿ ಅದು ನಡೆಸುವ ಖರ್ಚು, ಕಂಪನಿಯೇ ಭರಿಸಲಿ ಎಂಬುದು ಅಲ್ಲಿ ನಡೆದುಬಂದ ನಿಲುವು.

ಈ ನಿಯಮಗಳಿಗೊಂದು ಹಿನ್ನೆಲೆಯಿದೆ. ಮ್ಯಾಸಚೂಸೆಟ್ಸ್‌ನ ಯಾಂಕಿ ರೋ ಸ್ಥಾವರ 1992ರಲ್ಲಿ ಶಾಶ್ವತವಾಗಿ ಮುಚ್ಚಿತು. ಕಳಚುವ ಯೋಜನೆಗೆ ಅನುಮೋದನೆ ಸಿಗುವ ಮೊದಲೇ ಅದರ ಸ್ಟೀಮ್ ಜನರೇಟರ್‌ಗಳಂಥ ದೊಡ್ಡ ಭಾಗಗಳನ್ನು ತೆಗೆದು ಸಾಗಿಸಲು ಆಯೋಗ ಬಿಟ್ಟಿತು. ಸುತ್ತಲಿನ ನಾಗರಿಕರ ಸಂಘಟನೆಯೊಂದು ನ್ಯಾಯಾಲಯಕ್ಕೆ ಹೋಯಿತು. ಜನರಿಗೆ ಅಹವಾಲು ಹೇಳಲು ಅವಕಾಶ ಕೊಡದೆ ಹೀಗೆ ಬಿಟ್ಟದ್ದು ತಪ್ಪೆಂದು 1995ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಮರುವರ್ಷ ಆಯೋಗ ನಿಯಮಗಳನ್ನು ಹೊಸದಾಗಿ ಬರೆಯಿತು. ಈಗ ಹೇಳಿದ ಶೇ 3, ಶೇ 20, 90 ದಿನ ಎಲ್ಲ ಆ 1996ರ ನಿಯಮಗಳಿಂದ ಬಂದವು. ಅದು ಮುಚ್ಚಿದ ಸ್ಥಾವರ; ಅಲ್ಲೇ ಇಷ್ಟು ರಂಪವಾದರೆ ಓಡುತ್ತಿರುವ ಸ್ಥಾವರದ ಗತಿ ಊಹಿಸಿಕೊಳ್ಳಿ.

ನಿಯಮದ ಗೆರೆ ಎಷ್ಟು ವಿಚಿತ್ರ ಜಾಗದಲ್ಲಿ ಬೀಳುತ್ತದೆ ಎಂಬುದಕ್ಕೆ ಕ್ಯಾಲಿಫೋರ್ನಿಯಾದ ಸ್ಯಾನ್ ಒನೊಫ್ರೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅಲ್ಲಿನ ಎರಡು ಘಟಕಗಳ ನಾಲ್ಕು ಹಳೆಯ ಸ್ಟೀಮ್ ಜನರೇಟರ್‌ಗಳನ್ನು 2009ರಿಂದ 2011ರ ನಡುವೆ ಬದಲಿಸಿದರು. ಹಳೆಯವನ್ನು ನೂರಾರು ಚಕ್ರಗಳ ವಾಹನದ ಮೇಲೇರಿಸಿ, ನಿಧಾನವಾಗಿ, ಯೂಟಾ ರಾಜ್ಯದ ಕ್ಲೈವ್ ಎಂಬಲ್ಲಿನ ಮರುಭೂಮಿಗೆ ಸಾಗಿಸಿದರು. ಆ ಖರ್ಚು ಯಂತ್ರ ಬದಲಾವಣೆಯ ಯೋಜನೆಯ ವೆಚ್ಚದಲ್ಲೇ ಸೇರಿತ್ತು. ಹೊಸ ಯಂತ್ರಗಳಲ್ಲಿ ತಲಾ 9,727 ಕೊಳವೆಗಳಿದ್ದವು. 2012ರ ಜನವರಿ 31ರಂದು ಅವುಗಳಲ್ಲೊಂದು ಕೊಳವೆ ಸೋರಿತು. ತೆಗೆದು ನೋಡಿದರೆ ಕೊಳವೆಗಳು ನಡುಗಿ ಒಂದಕ್ಕೊಂದು ಉಜ್ಜಿಕೊಂಡು ಸವೆದಿದ್ದವು. 2013ರ ಜೂನ್‌ನಲ್ಲಿ ಕಂಪನಿ ಎರಡೂ ಘಟಕಗಳನ್ನು ಶಾಶ್ವತವಾಗಿ ಮುಚ್ಚುವುದಾಗಿ ಘೋಷಿಸಿತು. ಮುಚ್ಚಿದೊಡನೆ ಆ ಹೊಸ ಯಂತ್ರಗಳನ್ನು ಕಳಚಿ ಹೂಳುವುದು ಡಿಕಮಿಷನಿಂಗ್ ಕೆಲಸವಾಯಿತು. ಆ ಖರ್ಚಿಗೆ ನಿಧಿಯ ಬಾಗಿಲು ತೆರೆಯಿತು. ಒಂದೇ ಸ್ಥಾವರ, ಒಂದೇ ಜಾತಿಯ ಯಂತ್ರ, ಒಂದೇ ಬಗೆಯ ವಿಕಿರಣ. ಇಪ್ಪತ್ತೈದು ವರ್ಷಕ್ಕೂ ಮೇಲ್ಪಟ್ಟು ದುಡಿದ ಯಂತ್ರ ನಿಧಿಯ ಹೊರಗೆ, ಎರಡು ವರ್ಷವೂ ನೆಟ್ಟಗೆ ದುಡಿಯದ ಯಂತ್ರ ನಿಧಿಯ ಒಳಗೆ!

2019ರಲ್ಲಿ ಈ ಗೆರೆಯನ್ನು ಸರಿಸಿ ಎಂದು ಎನರ್ಜಿಸೊಲ್ಯೂಷನ್ಸ್ ಎಂಬ ಕಂಪನಿ ಆಯೋಗಕ್ಕೆ ಅರ್ಜಿ ಹಾಕಿತು. ರಿಯಾಕ್ಟರ್ ಪಾತ್ರೆ, ಸ್ಟೀಮ್ ಜನರೇಟರ್, ಪ್ರೆಷರೈಜರ್, ದೊಡ್ಡ ಕೊಳವೆಗಳು ಮುಂತಾದವನ್ನು ನಿಯಮಗಳು ‘ಪ್ರಮುಖ ವಿಕಿರಣಶೀಲ ಭಾಗಗಳು’ ಎಂದು ಹೆಸರಿಸುತ್ತವೆ. ಇಂಥವನ್ನು ಸ್ಥಾವರ ಓಡುತ್ತಿರುವಾಗಲೇ ವಿಲೇವಾರಿ ಮಾಡಲು ನಿಧಿಯ ಹಣ ಬಳಸಲು ಬಿಡಿ ಎಂಬುದು ಅದರ ಕೋರಿಕೆ. ಕ್ಲೈವ್‌ನಲ್ಲಿ ತ್ಯಾಜ್ಯ ಹೂಳುವ ಜಾಗದ ಒಡೆಯ ಇದೇ ಕಂಪನಿ. ಕೇಳಿದವರ ಲಾಭವನ್ನು ಬದಿಗಿಟ್ಟು ಕೇಳಿದ ಪ್ರಶ್ನೆಯನ್ನು ತೂಗಬೇಕು, ಒಪ್ಪುತ್ತೇನೆ. ಆದರೂ ಈ ಸಂಗತಿ ಓದುಗರಿಗೆ ತಿಳಿದಿರಲಿ.

ಪರವಾದ ವಾದಕ್ಕೆ ಬಲವಿಲ್ಲದಿಲ್ಲ. ಪರವಾನಗಿಗಳು 40 ವರ್ಷದಿಂದ 60ಕ್ಕೆ, ಈಗ 80ಕ್ಕೆ ಬೆಳೆದಿವೆ. ಸರ್ರಿಯಂಥ ಕಡೆ 1979ರಲ್ಲಿ ತೆಗೆದ ಭಾಗ ನಿಧಿಯ ಬಾಗಿಲು ತೆರೆಯಲೆಂದು ಕಾದರೆ 2053ಕ್ಕೆ 74 ವರ್ಷವಾಗುತ್ತದೆ. ಅದರ ಮೇಲೆ ಕಳಚಲು ಕೊಟ್ಟ 60 ವರ್ಷ ಬೇರೆ. ಅಷ್ಟರಲ್ಲಿ ಹೂಳುವ ಜಾಗವೇ ಇಲ್ಲದೆ ಹೋಗಬಹುದು. ದಕ್ಷಿಣ ಕೆರೊಲಿನಾದ ಬಾರ್ನ್‌ವೆಲ್ ದಶಕಗಳ ಕಾಲ ದೇಶದ ನಾನಾ ಮೂಲೆಗಳ ತ್ಯಾಜ್ಯ ಪಡೆಯುತ್ತಿತ್ತು. 2008ರ ಜುಲೈಯಿಂದ ಅದು ತನ್ನದೂ ಸೇರಿ ಮೂರೇ ರಾಜ್ಯಗಳಿಗೆ ಬಾಗಿಲು ಉಳಿಸಿಕೊಂಡು ಮಿಕ್ಕವರಿಗೆಲ್ಲ ಮುಚ್ಚಿತು. ಹೂಳುವ ದರವೂ 1986ರಿಂದೀಚೆಗೆ ಸಾಮಾನ್ಯ ಬೆಲೆಯೇರಿಕೆಯನ್ನು ಹಿಂದೆ ಹಾಕಿ ಓಡಿದೆ. ಬೇಗ ಕಳಿಸಿದರೆ ಅಗ್ಗ, ಆವರಣವೂ ಖಾಲಿ, ಕಾವಲೂ ಬೇಡ ಎನ್ನುತ್ತಾರೆ.

ಎದುರು ವಾದವೂ ಗಟ್ಟಿಯಿದೆ. ಕೋಬಾಲ್ಟ್-60ರ ಅರ್ಧಾಯು 5.27 ವರ್ಷ. ಮೂವತ್ತು ವರ್ಷ ಸುಮ್ಮನೆ ಇಟ್ಟರೆ ಅದು ಐವತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅರ್ಧಾಯು ನೂರು ವರ್ಷದಷ್ಟಿರುವ ನಿಕಲ್-63 ಹೆಚ್ಚೇನೂ ಕರಗದಿದ್ದರೂ, ಕೆಲಸಗಾರರ ಮೈಗೆ ತಾಗುವ ವಿಕಿರಣ ಹೆಚ್ಚಾಗಿ ಕೋಬಾಲ್ಟ್‌ನದು. ಅಂದರೆ ಕಾಯುವುದು ಸೋಮಾರಿತನವೇ ಆಗಬೇಕಿಲ್ಲ.

ಹಣದ ಕಡೆಯಿಂದಲೂ ಒಂದು ಲೆಕ್ಕ ಮಾಡಿ ನೋಡಿ. ಬೆಲೆಯೇರಿಕೆಯನ್ನು ಕಳೆದು ವರ್ಷಕ್ಕೆ ಶೇ 2ರಷ್ಟು ನಿಧಿ ಬೆಳೆಯುತ್ತದೆಂದು ಲೆಕ್ಕ ಹಾಕಲು ಆಯೋಗ ಒಪ್ಪುತ್ತದೆ. ಆ ದರದಲ್ಲಿ ಇವತ್ತಿನ 1 ಕೋಟಿ ಡಾಲರ್ ಮೂವತ್ತು ವರ್ಷಕ್ಕೆ 1.81 ಕೋಟಿಯಾಗುತ್ತದೆ. ಇವತ್ತೇ ಅದನ್ನು ತೆಗೆದು ಖರ್ಚು ಮಾಡಿದರೆ ಆ ಬೆಳವಣಿಗೆ ಹೋಯಿತು. ಹಾಗಾದರೆ ಈಗಲೇ ವಿಲೇವಾರಿ ಮಾಡುವುದು ಲಾಭವಾಗಬೇಕಾದರೆ ಹೂಳುವ ದರ ಬೆಲೆಯೇರಿಕೆಗಿಂತ ವರ್ಷಕ್ಕೆ ಶೇ 2ಕ್ಕೂ ಹೆಚ್ಚು ಏರುತ್ತಿರಬೇಕು. ಹಿಂದೆ ಹಾಗೆ ಏರಿದೆ. ಮುಂದೂ ಏರುತ್ತದೆಂದು ಪಂದ್ಯ ಕಟ್ಟುವುದು ಗ್ರಾಹಕರ ಹಣದಿಂದ.

ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಇನ್ನೊಂದು. ಸೂತ್ರಕ್ಕೆ ಕಾಂಕ್ರೀಟ್ ಕಟ್ಟಡದೊಳಗಿನ ಹಳೆಯ ಯಂತ್ರಗಳು ಕಾಣುವುದಿಲ್ಲ ಎಂದೆನಲ್ಲ. ಸ್ಥಾವರವೊಂದು ಸೂತ್ರ ಹೇಳಿದಷ್ಟೇ ಹಣವಿಟ್ಟುಕೊಂಡಿದ್ದರೆ ಅದು ಈಗ ಕೂರಿಸಿರುವ ಯಂತ್ರಗಳಿಗೆ ಸಾಕಾಗಬಹುದು. ಹಳೆಯದಕ್ಕೂ ಅದರಿಂದಲೇ ಕೊಟ್ಟರೆ ಕೊನೆಯ ದಿನ ಹೊಸದಕ್ಕೆ ಹಣ ಎಲ್ಲಿಂದ? ಇದಕ್ಕೆ ಬದಲು ಕಂಪನಿಯ ವಿವರವಾದ ಅಂದಾಜು ಪಟ್ಟಿಯಲ್ಲಿ ಆ ಹಳೆಯ ಭಾಗದ ವಿಲೇವಾರಿ ಮೊದಲೇ ಒಂದು ಸಾಲಾಗಿದ್ದು, ಅದಕ್ಕೆಂದು ಹಣವೂ ಕೂಡಿದ್ದರೆ ಮಾತು ಬೇರೆ. ಆಗ ಹಣ ತೆಗೆದಾಗ ನಿಧಿಯ ಜೊತೆಗೆ ಬಾಕಿ ಕೆಲಸವೂ ಅಷ್ಟೇ ಇಳಿಯುತ್ತದೆ; ಮುಂದಿನವರ ತಲೆಗೆ ಏನೂ ಕಟ್ಟಿದಂತಾಗುವುದಿಲ್ಲ.

ನಮ್ಮ ಕಡೆಗೂ ಒಮ್ಮೆ ತಿರುಗೋಣ. ಭಾರತದಲ್ಲಿ ಪರಮಾಣು ವಿದ್ಯುತ್ತಿನ ಪ್ರತಿ ಯೂನಿಟ್ಟಿನ ದರದಲ್ಲೂ 2 ಪೈಸೆ ಡಿಕಮಿಷನಿಂಗ್‌ಗೆಂದು ಸೇರಿರುತ್ತದೆ. ಉತ್ತರ ಕನ್ನಡದ ಕೈಗಾದ ನಾಲ್ಕು 220 ಮೆಗಾವಾಟ್ ಘಟಕಗಳ ವಿದ್ಯುತ್ತಿಗೂ ಅದೇ ಲೆಕ್ಕ. ಈ ಬಗೆಯ ಭಾರಜಲ ರಿಯಾಕ್ಟರ್‌ಗಳಿಗೂ ನಡುವಯಸ್ಸಿನಲ್ಲಿ ದೊಡ್ಡ ರಿಪೇರಿಯೊಂದಿದೆ: ಒಂದೊಂದು ಘಟಕದ 306 ಶೀತಕ ನಾಳಗಳನ್ನು ಒಟ್ಟಿಗೆ ಬದಲಿಸುವುದು. ಕಲ್ಪಾಕ್ಕಂ, ನರೋರಾ, ಕಾಕ್ರಾಪಾರ್‌ಗಳಲ್ಲಿ ಇದನ್ನು ಮಾಡಿದ್ದಾರೆ. ಹೊರಬರುವ ಹಳೆ ನಾಳಗಳು ಇಂಧನವನ್ನೇ ಒಳಗಿಟ್ಟುಕೊಂಡಿದ್ದವು. ಅವುಗಳ ವಿಕಿರಣದ ಮುಂದೆ ಸ್ಟೀಮ್ ಜನರೇಟರ್ ಏನೂ ಅಲ್ಲ. ಆಯುಸ್ಸಿನ ನಡುವೆ ಹುಟ್ಟುವ ತ್ಯಾಜ್ಯದ ಖರ್ಚು ಯಾವ ಖಾತೆಗೆ ಎಂಬ ಪ್ರಶ್ನೆಯನ್ನು ಕೈಗಾದ ಸುತ್ತಮುತ್ತಲಿನ ಓದುಗರೂ ಕೇಳಬಹುದು, ಕೇಳಬೇಕು.

ಅಮೆರಿಕದ ಅರ್ಜಿಯ ಬಗ್ಗೆ ನನ್ನ ತೀರ್ಪು ಕೇಳಿದರೆ, ಬಾಗಿಲನ್ನು ಪೂರ್ತಿ ಮುಚ್ಚಿಡಬೇಕಿಲ್ಲ. ಹಳೆಯ ಭಾಗ ಅಂದಾಜು ಪಟ್ಟಿಯಲ್ಲಿ ಹೆಸರು ಸಮೇತ ಇರಬೇಕು, ಹಣ ತೆಗೆದ ಮೇಲೂ ನಿಧಿ ಸೂತ್ರದ ಕನಿಷ್ಠ ಮೊತ್ತಕ್ಕಿಂತ ಮೇಲಿರಬೇಕು, ತೆಗೆಯುವ ಮೊದಲು ಬಿಲ್ಲು ಕಟ್ಟಿದ ಜನರಿಗೆ ತಿಳಿಸಬೇಕು. ಮುಂದೆ ಮಾಡುವ ಯಂತ್ರ ಬದಲಾವಣೆಗಳಿಗೆ ಮಾತ್ರ ಈ ರಿಯಾಯಿತಿ ಬೇಡ. ಹಳೆಯದನ್ನು ಸಾಗಹಾಕುವ ಖರ್ಚನ್ನು ಹೊಸದನ್ನು ಕೊಳ್ಳುವಾಗಲೇ ಸೇರಿಸಿಕೊಳ್ಳಬಹುದೆಂದು ಸ್ಯಾನ್ ಒನೊಫ್ರೆಯಲ್ಲೇ ಮಾಡಿ ತೋರಿಸಿದ್ದಾರೆ. ಪಟ್ಟಿಯಿಲ್ಲದ, ಕನಿಷ್ಠ ಮೊತ್ತಕ್ಕೂ ಏದುಸಿರು ಬಿಡುತ್ತಿರುವ ನಿಧಿಯಿಂದ ಒಂದು ಡಾಲರನ್ನೂ ತೆಗೆಯಲು ಬಿಡಬಾರದು.